ಲಿಂಕ್ ಕಡಿಯುವ ರಿಯಲ್‌ಟೆಕ್ ಕಾರ್ಡ್: ಆರ್‌8169 ಡ್ರೈವರ್ ಅಥವಾ ಆರ್‌8168?

ಲಿನಕ್ಸ್‌ನಲ್ಲಿ ರಿಯಲ್‌ಟೆಕ್‌ನ ಗಿಗಾಬಿಟ್ ಕಾರ್ಡ್ ಪದೇ ಪದೇ ಸಂಪರ್ಕ ಕಳೆದುಕೊಂಡರೆ ಹಲವರು ಮೊದಲು ಡ್ರೈವರ್ ಬದಲಿಸಲು ಹೊರಡುತ್ತಾರೆ. ದಯವಿಟ್ಟು ಅದಕ್ಕೆ ಮುಂಚೆ ಕೇಬಲ್ ಬದಲಿಸಿ ನೋಡಿ. ಸಾಮಾನ್ಯ ತಾಮ್ರದ ಕೇಬಲ್‌ನಲ್ಲಿ ಗಿಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ತಂತಿಗಳು ಬೇಕು, 100 ಮೆಗಾಬಿಟ್‌ಗೆ ಎರಡು ಸಾಕು. ಕಾರ್ಡ್‌ನ ಸ್ಥಿತಿ ನೋಡಲು, ಬದಲಿಸಲು ಬಳಸುವ ಎತ್‌ಟೂಲ್ ಆಜ್ಞೆ ವೇಗವನ್ನು 100 ಎಂದು ತೋರಿಸಿದರೆ, ಅಥವಾ ದತ್ತಾಂಶ ದಾರಿಯಲ್ಲಿ ಕೆಟ್ಟಿದೆ ಎಂದು ಹೇಳುವ ಸಿಆರ್‌ಸಿ ದೋಷಗಳ ಎಣಿಕೆ ಏರುತ್ತಿದ್ದರೆ, ಮೊದಲ ಅನುಮಾನ ತಂತಿಯ ಮೇಲಿರಲಿ.

ಕೇಬಲ್, ಪೋರ್ಟ್ ಎರಡೂ ಸರಿಯಿದ್ದರೆ ಮಾತ್ರ ಡ್ರೈವರ್ ಆಯ್ಕೆಯ ಪ್ರಶ್ನೆ. ಆರ್‌8169 ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೇ ಇದೆ. ಕರ್ನಲ್ ನವೀಕರಣದ ಜೊತೆಗೇ ಸುಧಾರಿಸುತ್ತದೆ, ಬೇರೆ ಆರೈಕೆ ಬೇಡ. ಆರ್‌8168 ತಯಾರಕರೇ ಕೊಡುವ ಪ್ರತ್ಯೇಕ ಡ್ರೈವರ್. ಕೆಲವು ಚಿಪ್‌ಗಳಲ್ಲಿ ಅದು ನಿಜವಾಗಿಯೂ ಸ್ಥಿರವಾಗಿರುತ್ತದೆ, ಆದರೆ ಕರ್ನಲ್ ಬದಲಾದಾಗಲೆಲ್ಲ ಮತ್ತೆ ಕಂಪೈಲ್ ಆಗಬೇಕು. ಡಿಕೆಎಂಎಸ್ ಎಂಬ ಸಾಧನ ತಾನಾಗಿಯೇ ಆ ಕೆಲಸ ಮಾಡುತ್ತದೆ, ಆದರೂ ಹೊಸ ಕರ್ನಲ್‌ನಲ್ಲಿ ಕಂಪೈಲ್ ವಿಫಲವಾದರೆ ನೆಟ್‌ವರ್ಕ್ ಇಲ್ಲದೆಯೇ ದುರಸ್ತಿಗೆ ಕೂರಬೇಕಾದೀತು. ಸಹಿಯಿಲ್ಲದ ಕೋಡ್ ತಡೆಯುವ ಸೆಕ್ಯೂರ್ ಬೂಟ್ ಇದ್ದರೆ ಈ ಡ್ರೈವರ್ ಮಾಡ್ಯೂಲ್‌ಗೆ ಡಿಜಿಟಲ್ ಸಹಿಯೂ ಬೇಕು. ದೂರದಲ್ಲಿರುವ ಸರ್ವರ್‌ಗೆ ಈ ಅಪಾಯ ದೊಡ್ಡದು.

ನನ್ನ ಮತ ಆರ್‌8169ಕ್ಕೆ. ಲಿಂಕ್ ಬಿದ್ದು ಏಳುತ್ತಿದ್ದರೆ ಎತ್‌ಟೂಲ್‌ನಿಂದ ಲಿಂಕ್ ಖಾಲಿಯಿದ್ದಾಗ ವಿದ್ಯುತ್ ಉಳಿಸುವ ಇಇಇ ಸೌಲಭ್ಯವನ್ನು ಆಫ್ ಮಾಡಿ ನೋಡಿ. ಕಾರ್ಡ್ ದತ್ತಾಂಶ ಕಳಿಸದೆ ಸ್ತಬ್ಧವಾಗಿದೆ ಎಂದು ಹೇಳುವ ‘ನೆಟ್‌ಡೆವ್ ವಾಚ್‌ಡಾಗ್’ ಸಂದೇಶ ಕರ್ನಲ್ ಲಾಗ್‌ನಲ್ಲಿ ಕಂಡರೆ, ಕಾರ್ಡ್ ಕೂರುವ ಪಿಸಿಐಇ ಸಂಪರ್ಕದ ವಿದ್ಯುತ್ ಉಳಿಸುವ ಎಎಸ್‌ಪಿಎಂ ಅನ್ನೂ ಆಫ್ ಮಾಡಿ; ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ತುಸು ಬೇಗ ಖಾಲಿಯಾಗಬಹುದು. ಇವೆರಡೂ ಫಲಿಸದಿದ್ದಾಗ ಆರ್‌8168 ಹಾಕಿ, ಆರ್‌8169 ತಾನಾಗಿ ಲೋಡ್ ಆಗದಂತೆ ತಡೆಯಿರಿ.