ಹೇರ್ ಪ್ಯಾಚ್‌ನ ಬಣ್ಣ: ವರ್ಷಗಟ್ಟಲೆ ಬಳಸಿದ ಮೇಲೆ ಹೇಳುತ್ತಿದ್ದೇನೆ

ಬೋಳು ನೆತ್ತಿಯನ್ನು ಮುಚ್ಚಲು ನಿಜವಾದ ಕೂದಲಿನ, ಲೇಸ್ (ತೆಳು ಜಾಲರಿ ಬಟ್ಟೆ) ತಳದ ಹೇರ್ ಪ್ಯಾಚ್‌ಗಳನ್ನೇ ನಾನು ಹಲವು ವರ್ಷಗಳಿಂದ ಹಾಕಿಕೊಳ್ಳುತ್ತಿರುವುದು. ಕೊಳ್ಳುವಾಗ ಎಲ್ಲರೂ ತಳ ಯಾವುದು, ಅಂಟು ಯಾವುದು ಎಂದು ವಿಚಾರಿಸುತ್ತಾರೆ. ಎದುರಿಗೆ ನಿಂತವರಿಗೆ ಅನುಮಾನ ಬರುವುದು ಮಾತ್ರ ಹೆಚ್ಚಾಗಿ ಬಣ್ಣದಿಂದ.

ಕಲರ್ ರಿಂಗ್‌ನಲ್ಲಿ (ನಂಬರು ಹಾಕಿದ ಬಣ್ಣದ ಕೂದಲ ಮಾದರಿಗಳ ಗೊಂಚಲು) 1 ಅಂದರೆ ಅಪ್ಪಟ ಕಪ್ಪು. ಕಪ್ಪು ಕೂದಲಿನ ಗಂಡಸರು ಅದಕ್ಕೇ ಕೈಹಾಕುತ್ತಾರೆ, ಆದರೆ ಹುಟ್ಟುಗೂದಲು ಅಷ್ಟು ಕಪ್ಪಗಿರುವುದು ಅಪರೂಪ. ಬಿಸಿಲು ಬಿದ್ದಾಗ ಅದರಲ್ಲಿ ತುಸು ಕಂದು ಇಣುಕುತ್ತದೆ. ನನಗೆ ಹೊಂದಿದ್ದು 1ಕ್ಕಿಂತ ತುಸು ತಿಳಿಯಾದ ಕಪ್ಪು, 1ಬಿ. ಕೆಲವರಿಗೆ 2, ಅಂದರೆ ಕಡು ಕಂದು, ಇನ್ನೂ ಚೆನ್ನಾಗಿ ಕೂರುತ್ತದೆ. ನೆತ್ತಿಯಲ್ಲಿ ಉಳಿದ ನಾಲ್ಕು ಎಳೆಗಳನ್ನು ನೋಡಿ ಬಣ್ಣ ಆರಿಸಬೇಡಿ. ಪ್ಯಾಚ್ ಬೆರೆಯಬೇಕಾದದ್ದು ಕಿವಿಯ ಮೇಲಿನ ಮತ್ತು ಹಿಂದಲೆಯ ಕೂದಲಿನ ಜೊತೆ, ಆದ್ದರಿಂದ ಸ್ಯಾಂಪಲ್ ಅಲ್ಲಿಂದಲೇ ಕತ್ತರಿಸಿ ಪ್ಯಾಚ್ ಮಾಡುವವರಿಗೆ ಕಳಿಸಿ. ಹೋಲಿಸುವುದೂ ಹಗಲು ಬೆಳಕಿನಲ್ಲೇ ಆಗಲಿ. ದೀಪದ ಕೆಳಗೆ ಒಂದೇ ಎನಿಸಿದ ಎರಡು ಬಣ್ಣಗಳು ಬಾಗಿಲಾಚೆ ಬಂದರೆ ಬೇರೆಯಾಗಿಬಿಡುತ್ತವೆ.

ನರೆಯ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು. 1ಬಿ10 ಎಂದರೆ 1ಬಿ ಬಣ್ಣದಲ್ಲಿ ನೂರಕ್ಕೆ ಹತ್ತು ಪಾಲು ಬಿಳಿ. ಗಂಡಸರಿಗೆ ಸಾಮಾನ್ಯವಾಗಿ ನರೆ ಮೊದಲು ಬರುವುದು ಕಿವಿಯ ಪಕ್ಕದಲ್ಲಿ, ನೆತ್ತಿಗೆ ಆಮೇಲೆ. ಅದಕ್ಕೇ ಪಕ್ಕದಲ್ಲಿ ಕಾಣುವ ನರೆಗಿಂತ ಒಂದು ಹಂತ ಕಡಿಮೆಯದನ್ನು ತರಿಸುತ್ತೇನೆ. ನರೆಯೇ ಇಲ್ಲದ ಪ್ಯಾಚ್ ಹಾಕಿ, ಅದಕ್ಕೆ ಸರಿಹೊಂದಲೆಂದು ಪಕ್ಕದ ಕೂದಲಿಗೆ, ಮೀಸೆಗೆ ಕಪ್ಪು ಬಳಿಯುತ್ತ ಹೋಗುವುದು ನನಗೆ ಒಪ್ಪಿಗೆಯಿಲ್ಲ. ವಯಸ್ಸಿಗೆ ತಕ್ಕ ನಾಲ್ಕು ಬಿಳಿ ಎಳೆಗಳು ಯಾವ ಕಪ್ಪಿಗಿಂತಲೂ ಹೆಚ್ಚು ನಂಬಿಕೆ ಹುಟ್ಟಿಸುತ್ತವೆ.

ಒಂದು ತೊಡಕಿದೆ. ಈ ಬಿಳಿ ಎಳೆಗಳು ಬಹಳಷ್ಟು ಪ್ಯಾಚ್‌ಗಳಲ್ಲಿ ಸಿಂಥೆಟಿಕ್. ಅವು ಮಾಸುವುದಿಲ್ಲ, ಮಾಮೂಲಿ ಹೇರ್ ಡೈ ಹಿಡಿಯುವುದಿಲ್ಲ, ಡ್ರೈಯರ್‌ನ ಬಿಸಿಗೆ ಮುದುರುತ್ತವೆ. ಸುತ್ತಲಿನ ನಿಜಗೂದಲು ಮಾತ್ರ ಮಾಸುತ್ತಲೇ ಇರುತ್ತದೆ. ಕಾರ್ಖಾನೆಯಲ್ಲಿ ಸಂಸ್ಕರಿಸಿ ಬಣ್ಣ ಹಾಕಿದ ಕೂದಲಾದ್ದರಿಂದ ಬಿಸಿಲು, ಗಡಸು ನೀರು, ಶಾಂಪೂ ಸೇರಿ ಕೆಲವೇ ವಾರಗಳಲ್ಲಿ ಅದನ್ನು ಕೆಂಚಗೆ ಮಾಡುತ್ತವೆ. ನನಗೆ ಇದೇ ದೊಡ್ಡ ಬೇಸರ. ಸಲ್ಫೇಟ್ ಇಲ್ಲದ ಶಾಂಪೂ, ಬಿಸಿಲಿಗೆ ಟೋಪಿ, ಈಜುಕೊಳದಿಂದ ದೂರ: ಇವುಗಳಿಂದ ಕೆಂಪೇರುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಕೆಂಪು ತಿರುಗಿದಾಗ ಪ್ಯಾಚನ್ನು ತಲೆಯಿಂದ ತೆಗೆದು, ಅಮೋನಿಯಾ ಇಲ್ಲದ ಡೆಮಿ ಪರ್ಮನೆಂಟ್ (ಕೆಲವು ವಾರ ಉಳಿಯುವ) ಬಣ್ಣವನ್ನು 10 ವಾಲ್ಯೂಮ್, ಅಂದರೆ 3% ಡೆವಲಪರ್ (ಬಣ್ಣ ಹಿಡಿಸುವ ಪೆರಾಕ್ಸೈಡ್ ದ್ರವ) ಜೊತೆ ಕಲಸಿ ಹಚ್ಚುತ್ತೇನೆ. ಕೆಂಪನ್ನು ತಗ್ಗಿಸಲು ಆಶ್ (ಬೂದು) ಛಾಯೆ ಬೇಕು. ಸಂಸ್ಕರಿಸಿದ ಕೂದಲು ಬಣ್ಣವನ್ನು ಬೇಗ ಹೀರುವುದರಿಂದ, ಬೇಕಾದದ್ದಕ್ಕಿಂತ ಒಂದು ಮಟ್ಟ ತಿಳಿಯಾದುದನ್ನೇ ತೆಗೆದುಕೊಂಡು ಮೊದಲು ಹಿಂಭಾಗದ ಒಂದು ಎಳೆಗೆ ಹಚ್ಚಿ ನೋಡುವುದು ಕ್ಷೇಮ. ಎಳೆಗಳನ್ನು ಲೇಸಿಗೆ ಕಟ್ಟಿದ ಬುಡದ ಗಂಟುಗಳಿಗೆ ಮಾತ್ರ ಬಣ್ಣ ತಾಗಿಸಬೇಡಿ. ಕಾಣಬಾರದೆಂದು ಮುಂಭಾಗದ ಗಂಟುಗಳನ್ನು ಬ್ಲೀಚ್ ಮಾಡಿರುತ್ತಾರೆ. ಬಣ್ಣ ಹತ್ತಿದರೆ ಹಣೆಯಂಚಿನಲ್ಲಿ ಕಪ್ಪು ಚುಕ್ಕಿಗಳ ಸಾಲೇ ಎದ್ದು ಕಾಣುತ್ತದೆ.

ಹೊಸದರಲ್ಲಿ ಬಣ್ಣದ ಹೊಂದಾಣಿಕೆಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಬಣ್ಣದ ಬಾಳಿಕೆಗೆ ಎರಡೂವರೆ. ಪ್ರತಿ ಹೊಸ ಆರ್ಡರ್‌ಗೂ ಹೊಸದಾಗಿ ಕತ್ತರಿಸಿದ ಸ್ಯಾಂಪಲ್ಲನ್ನೇ ಕಳಿಸುತ್ತೇನೆ, ಏಕೆಂದರೆ ಈ ನಡುವೆ ಪಕ್ಕದ ನರೆ ಹೆಚ್ಚಿರುತ್ತದೆ, ಹಳೆಯ ನಂಬರು ಈಗ ಹೊಂದುವುದಿಲ್ಲ.