ನಂದಿ ಬೆಟ್ಟದ ಕಾರು ಫೋಟೊಗಳಿಗೆ ಲೈಟ್‌ರೂಮ್ ಕ್ಲಾಸಿಕ್

ನಂದಿ ಬೆಟ್ಟದ ತಿರುವಿನಲ್ಲಿ ಮಂಜಿರುವಾಗ ತೆಗೆದ ಬಿಳಿ ಕಾರು ನೀಲಿಗೆ ತಿರುಗುತ್ತದೆ. ಬಿಸಿಲೇರಿದ ಮೇಲೆ ಅದೇ ಕಾರು ಹಳದಿ. ಎರಡನ್ನೂ ಒಂದೇ ಸೆಟ್ಟಿನಂತೆ ಕಾಣಿಸಲು ಅಡೋಬಿಯ ಫೋಟೊ ತಿದ್ದುವ ತಂತ್ರಾಂಶ ಲೈಟ್‌ರೂಮ್ ಕ್ಲಾಸಿಕ್ ಸಾಕು, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಫೈಲ್) ಇದ್ದರೆ.

ಪ್ರೊಫೈಲ್ (ಬಣ್ಣದ ಮೂಲ ಶೈಲಿ), ಟೋನ್ ಕರ್ವ್ (ಕಪ್ಪು-ಬಿಳುಪಿನ ಹದ) ಎಲ್ಲ ಫೋಟೊಗಳಿಗೂ ಒಂದೇ ಇರಲಿ. ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ವೈಟ್ ಬ್ಯಾಲೆನ್ಸನ್ನು ಮಾತ್ರ ಬೆಳಕು ಬದಲಾದಾಗೆಲ್ಲ ಬೇರೆಯಾಗಿ ಹೊಂದಿಸಿ: ಬಣ್ಣ ಆರಿಸುವ ಐಡ್ರಾಪರನ್ನು ಬಿಳಿ ನಂಬರ್ ಪ್ಲೇಟಿನ ಮೇಲಿಟ್ಟು ಕ್ಲಿಕ್ ಮಾಡಿದರೆ ಆಯಿತು, ಪ್ಲೇಟು ಬೆಳಕಿಗೆ ಸುಟ್ಟಿರಬಾರದು ಅಷ್ಟೆ. ಒಂದು ಫೋಟೊದ ಸೆಟ್ಟಿಂಗನ್ನು ಉಳಿದವಕ್ಕೆ ಸಿಂಕ್ ಮಾಡುವಾಗ ಕ್ರಾಪ್, ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ) ಟಿಕ್ ತೆಗೆಯಿರಿ. ಎಕ್ಸ್‌ಪೋಶರ್‌ಗೆ, ಆರಿಸಿದ ಫೋಟೊಗಳ ಬೆಳಕನ್ನು ಒಂದಕ್ಕೆ ಸರಿಹೊಂದಿಸುವ ‘ಮ್ಯಾಚ್ ಟೋಟಲ್ ಎಕ್ಸ್‌ಪೋಶರ್ಸ್’ ಇದೆ. ಬಹಳ ಜನ ಮುಟ್ಟುವುದೇ ಇಲ್ಲ.

ತಕರಾರು ಕೆಂಪು ಕಾರಿನದು, ಬಣ್ಣ ಅತಿಯಾಗಿ ಕಂಡಾಗ. ರೆಡ್ ಸ್ಯಾಚುರೇಶನ್ (ಕೆಂಪಿನ ಗಾಢತೆ) ಇಳಿಸಿದರೆ ಹಿಂದಿನ ದೀಪವೂ ಸಪ್ಪೆಯಾಗುತ್ತದೆ. ಕಾರಿನ ಮೈಗೆ ಮಾತ್ರ ಬೇರೆ ಮಾಸ್ಕ್ (ಆ ಭಾಗವನ್ನಷ್ಟೇ ತಿದ್ದುವ ಆಯ್ಕೆ) ಹಾಕಿ ಸ್ಯಾಚುರೇಶನ್ -10ರಿಂದ -15ಕ್ಕೆ ಇಳಿಸಿ. ಬಾನೆಟ್ ಮೇಲೆ ಪ್ರತಿಫಲಿಸುವ ಆಕಾಶದ ಬಿಳುಪನ್ನು ಸ್ಲೈಡರ್ ತೆಗೆಯಲಾರದು, ಅದಕ್ಕೆ ಫೋಟೊ ತೆಗೆಯುವಾಗಲೇ ಲೆನ್ಸಿಗೆ ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಬೇಕು.