ಡೇಟೋನಾದ ಮೂಗು ಸೂಪರ್‌ಬರ್ಡ್‌ಗೆ ಕೂರುವುದಿಲ್ಲ: ಬಿಡಿಭಾಗ ಕೊಳ್ಳುವವರಿಗೆ ಒಂದು ಎಚ್ಚರಿಕೆ

ನನ್ನ ಬಳಿಯಿರುವ 1970ರ ಪ್ಲಿಮತ್ ರೋಡ್‌ರನ್ನರ್ ಕಾರನ್ನು ಸೂಪರ್‌ಬರ್ಡ್‌ನ ರೂಪಕ್ಕೆ ತರುವ ಆಸೆಯಿಂದ, ಡಾಡ್ಜ್ ಚಾರ್ಜರ್ ಡೇಟೋನಾಕ್ಕೆಂದು ಮಾಡಿದ ಮೂಗನ್ನೂ ರೆಕ್ಕೆಯನ್ನೂ ಕೊಂಡು, ನಾಲ್ಕು ಸಾವಿರ ಡಾಲರಿಗೂ ಹೆಚ್ಚು ಹಣ ಮತ್ತು ಸುಮಾರು ಎರಡು ವರ್ಷಗಳ ಶನಿವಾರ, ಭಾನುವಾರಗಳನ್ನು ಕಳೆದುಕೊಂಡೆ. ಡೆಟ್ರಾಯಿಟ್ ಸುತ್ತಮುತ್ತ ನೆಲೆಸಿರುವ ಕನ್ನಡಿಗ ಮಿತ್ರರಲ್ಲಿ ಕೆಲವರು ಈಚೆಗೆ ಇದೇ ಹವ್ಯಾಸಕ್ಕೆ ಇಳಿದಿರುವುದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಈ ಎರಡು ಕಾರುಗಳನ್ನು ದೂರದಿಂದ ನೋಡಿದವರಿಗೆ ಅವು ಅವಳಿಗಳಂತೆ ಕಾಣುವುದು ಸಹಜ. ಎರಡಕ್ಕೂ ಚೂಪಾದ ಉದ್ದ ಮೂಗಿದೆ, ಡಿಕ್ಕಿಯ ಮೇಲೆ ಆಳೆತ್ತರವೇನೋ ಎಂಬಂತೆ ನಿಂತ ರೆಕ್ಕೆಯಿದೆ. ಎರಡೂ ಕ್ರೈಸ್ಲರ್ ಸಂಸ್ಥೆಯವು (ಡಾಡ್ಜ್ ಚಾರ್ಜರ್‌ನಿಂದ ಡೇಟೋನಾ, ಪ್ಲಿಮತ್ ರೋಡ್‌ರನ್ನರ್‌ನಿಂದ ಸೂಪರ್‌ಬರ್ಡ್), ಎರಡೂ ಅಮೆರಿಕದ ನಾಸ್ಕಾರ್ ಕಾರು ಪಂದ್ಯಗಳಲ್ಲಿ ಗಾಳಿಯನ್ನು ಸೀಳಿಕೊಂಡು ಓಡಲೆಂದೇ ಹುಟ್ಟಿದವು. 1969ರ ಡೇಟೋನಾ ಕಾರುಗಳು ಐನೂರಕ್ಕಿಂತ ಸ್ವಲ್ಪವೇ ಹೆಚ್ಚು ತಯಾರಾದವು, ಏಕೆಂದರೆ ಆಗಿನ ನಿಯಮದಂತೆ ಪಂದ್ಯಕ್ಕಿಳಿಸುವ ಮಾದರಿಯನ್ನು ಸಾರ್ವಜನಿಕರಿಗಾಗಿ 500ರಷ್ಟು ಮಾಡಿದರೆ ಸಾಕಿತ್ತು. ಮರುವರ್ಷ ನಿಯಮ ಬಿಗಿಯಾದ ಕಾರಣ ಸೂಪರ್‌ಬರ್ಡ್ ಕಾರುಗಳನ್ನು ಸುಮಾರು 1,900ರಷ್ಟು ಮಾಡಬೇಕಾಯಿತು. 1969ರಲ್ಲಿ ಪ್ಲಿಮತ್ ಬಿಟ್ಟು ಫೋರ್ಡ್ ಕಡೆಗೆ ಹೋಗಿದ್ದ ಹೆಸರಾಂತ ಪಂದ್ಯಚಾಲಕ ರಿಚರ್ಡ್ ಪೆಟ್ಟಿಯವರು ಮರಳಿ ಬಂದದ್ದು ಈ ಕಾರಿನೊಂದಿಗೇ. ನನ್ನಂಥವನಿಗೆ ಅಸಲಿ ಕಾರು ಕನಸಿನಲ್ಲೂ ಕೈಗೆಟುಕದು. ಆದ್ದರಿಂದಲೇ ರೋಡ್‌ರನ್ನರ್‌ಗೆ ವೇಷ ತೊಡಿಸುವ ದಾರಿಯನ್ನು ಹಿಡಿದೆ.

ಮಾರಾಟಗಾರನೊಬ್ಬ ಫೈಬರ್‌ಗ್ಲಾಸಿನ ನಕಲು ಮೂಗು ಮತ್ತು ಅಲ್ಯೂಮಿನಿಯಂ ರೆಕ್ಕೆಯನ್ನು ಒಟ್ಟಾಗಿ ಮಾರುತ್ತಿದ್ದ. ಎರಡೂ ಕಾರುಗಳಿಗೆ ಹೊಂದುತ್ತದೆ ಎಂದು ಜಾಹೀರಾತಿನಲ್ಲೇ ಇತ್ತು. ನಾನು ಫೋನಿನಲ್ಲಿ ಮತ್ತೆ ಕೇಳಿದಾಗ, ರೆಕ್ಕೆಯ ಕಾರುಗಳೆಲ್ಲ ಒಂದೇ ತಳಹದಿಯ ಮೇಲೆ ನಿಂತವು, ಬೋಲ್ಟು ಬಿಗಿದರೆ ಮುಗಿಯಿತು ಎಂದು ಆತ ಧೈರ್ಯ ಹೇಳಿದ. ತಳಹದಿ ಒಂದೇ ಎಂಬ ಮಾತು ಸುಳ್ಳಲ್ಲ, ಚಾರ್ಜರ್, ಕೊರೊನೆಟ್, ರೋಡ್‌ರನ್ನರ್ ಮೂರೂ ಕ್ರೈಸ್ಲರ್‌ನ ಬಿ-ಬಾಡಿ ಕುಟುಂಬದವೇ. ಆದರೆ ಅಡಿಯಲ್ಲಿರುವ ಹೊಂದಾಣಿಕೆ ಮೇಲಿನ ತಗಡಿಗೂ ಇರುತ್ತದೆಂದು ನಾನು ನಂಬಿಬಿಟ್ಟೆ.

ಮೂಗು ಬಂದ ದಿನವೇ ಅದನ್ನು ರೋಡ್‌ರನ್ನರ್‌ನ ಮಡ್‌ಗಾರ್ಡುಗಳ ಮುಂದೆ ಹಿಡಿದು ನೋಡಿದೆ. ಮೇಲಂಚು ಕೂತರೆ ಕೆಳಗೆ ಎರಡು ಬೆರಳು ತೂರುವಷ್ಟು ಸಂದು, ಕೆಳಗೆ ಕೂರಿಸಿದರೆ ಬಾನೆಟ್ಟಿನ ಗೆರೆಯೇ ಬೇರೆ. ಹಳೆಯ ಕಾರುಗಳ ಬಗ್ಗೆ ಬಲ್ಲ ಹಿರಿಯರೊಬ್ಬರಿಗೆ ಚಿತ್ರ ಕಳುಹಿಸಿದಾಗ ತಿಳಿದದ್ದೇನೆಂದರೆ, ಅಸಲಿ ಸೂಪರ್‌ಬರ್ಡ್‌ನಲ್ಲೂ ರೋಡ್‌ರನ್ನರ್‌ನ ಮಡ್‌ಗಾರ್ಡುಗಳಿರಲಿಲ್ಲ. ಆ ಮೂಗಿಗೆ ಪ್ಲಿಮತ್‌ನ ಮಡ್‌ಗಾರ್ಡುಗಳು ಒಗ್ಗದ ಕಾರಣ ಡಾಡ್ಜ್ ಕೊರೊನೆಟ್‌ನ ಮಡ್‌ಗಾರ್ಡುಗಳನ್ನೂ, ಮಾರ್ಪಡಿಸಿದ ಕೊರೊನೆಟ್ ಬಾನೆಟ್ಟನ್ನೂ ತಂದು ಜೋಡಿಸಿದ್ದರು. ಡೇಟೋನಾಕ್ಕಾದರೋ 1970ರ ಚಾರ್ಜರ್ ಮಾದರಿಯ ಮಡ್‌ಗಾರ್ಡು ಮತ್ತು ಬಾನೆಟ್ಟನ್ನು ತಿದ್ದಿ ಹಾಕಿದ್ದರು. ಅಂದರೆ ಎರಡೂ ಮೂಗುಗಳ ಹಿಂದಿನ ಅಂಚು ಎರಡು ಬೇರೆ ಕಾರುಗಳ ಮಡ್‌ಗಾರ್ಡಿನ ಆಕಾರಕ್ಕೆ ತಕ್ಕಂತೆ ರೂಪುಗೊಂಡಿದೆ.

ಇಷ್ಟು ತಿಳಿದ ಮೇಲಾದರೂ ನಿಲ್ಲಿಸಬೇಕಿತ್ತು. ಅರ್ಧ ತಿಳಿವಳಿಕೆಯ ಹುಮ್ಮಸ್ಸಿನಲ್ಲಿ ನಾನು ಓಹಾಯೋದ ಗುಜರಿಯೊಂದರಿಂದ ತುಕ್ಕು ತಿಂದ ಕೊರೊನೆಟ್ ಮಡ್‌ಗಾರ್ಡುಗಳ ಜೋಡಿಯನ್ನು ಕೊಂಡು ತಂದೆ. ಅವು ನನ್ನ ಕಾರಿಗೆ ಚೆನ್ನಾಗಿಯೇ ಕೂತವು. ಮೂಗು ಮಾತ್ರ ಕೂರಲಿಲ್ಲ. ಕೂರುವುದಾದರೂ ಹೇಗೆ? ಚಾರ್ಜರ್‌ನ ಮಡ್‌ಗಾರ್ಡಿಗಾಗಿ ಎರಕ ಹೊಯ್ದ ಮೂಗನ್ನು ಕೊರೊನೆಟ್‌ನ ಮುಂದೆ ಹಿಡಿದಿದ್ದೆ. ಫೈಬರನ್ನು ಕತ್ತರಿಸಿ, ಪುಟ್ಟಿ ತುಂಬಿ, ಉಜ್ಜಿ ಹೊಂದಿಸಬಹುದೆಂದು ಟಿಂಕರಿಂಗ್ ಮಾಡುವವನೊಬ್ಬ ಹೇಳಿದ, ಅವನು ಕೇಳಿದ ಕೂಲಿಯಲ್ಲಿ ಸರಿಯಾದ ಮೂಗನ್ನೇ ಕೊಳ್ಳಬಹುದಿತ್ತು.

ಮೂಗಿನ ನಷ್ಟ ಹಣದ್ದು ಮಾತ್ರ. ರೆಕ್ಕೆಯ ವಿಷಯದಲ್ಲಿ ಕಾರಿಗೇ ಗಾಯವಾಯಿತು, ಅದಕ್ಕೆ ಹೊಣೆಗಾರ ನಾನೇ. ಸೂಪರ್‌ಬರ್ಡ್‌ನ ರೆಕ್ಕೆಯ ಎರಡು ಕಂಬಗಳು ಡೇಟೋನಾದವುಗಳಿಗಿಂತ ಎತ್ತರವಾಗಿವೆ, ಹಿಂದಕ್ಕೆ ಹೆಚ್ಚು ಓರೆಯಾಗಿವೆ ಮತ್ತು ಅವುಗಳ ಬುಡವೂ ಅಗಲ. ಮೇಲಾಗಿ, ಕಂಬದ ಬುಡವು ಡಿಕ್ಕಿಯ ಇಕ್ಕೆಲದ ತಗಡಿನ ಬಾಗಿಗೆ ಅಂಟಿದಂತೆ ಕೂರಬೇಕು. ಚಾರ್ಜರ್‌ನ ಬಾಗು ಒಂದು ಬಗೆಯದು, ರೋಡ್‌ರನ್ನರ್‌ನದು ಇನ್ನೊಂದು ಬಗೆಯದು. ಇದಾವುದನ್ನೂ ಅರಿಯದೆ, ರೆಕ್ಕೆಯ ಜೊತೆ ಬಂದ ಕಾಗದದ ಅಳತೆಪಟ್ಟಿಯನ್ನು ತಗಡಿನ ಮೇಲೆ ಅಂಟಿಸಿ, ಒಂದು ಬದಿಗೆ ತೂತು ಕೊರೆದುಬಿಟ್ಟೆ. ಬೋಲ್ಟು ಬಿಗಿಯುತ್ತಿದ್ದಂತೆ ಬುಡದ ಹಿಂದಿನ ತುದಿ ಮೇಲಕ್ಕೆದ್ದಿತು, ಇನ್ನೂ ಬಿಗಿದಾಗ ತಗಡು ಒಳಕ್ಕೆ ಕುಸಿಯಿತು. ಅಸಲಿ ಕಾರುಗಳಲ್ಲಿ ಕಂಬದ ಭಾರ ಬರಿಯ ತಗಡಿನ ಮೇಲೆ ನಿಲ್ಲುವುದಿಲ್ಲ; ಡಿಕ್ಕಿಯೊಳಗಿನ ಆಸರೆಯ ಪಟ್ಟಿಗಳು ಅದನ್ನು ಹೊರುತ್ತವೆ. ನಾನು ಕೊಂಡ ಸಾಮಾನಿನಲ್ಲಿ ಆ ಪಟ್ಟಿಗಳೇ ಇರಲಿಲ್ಲ, ಇರಬೇಕೆಂಬುದೂ ನನಗೆ ತಿಳಿದಿರಲಿಲ್ಲ. ಹೆದ್ದಾರಿಯಲ್ಲಿ ಆ ರೆಕ್ಕೆ ಕಿತ್ತು ಹಿಂದಿನ ಕಾರಿನ ಗಾಜಿಗೆ ಬಡಿದಿದ್ದರೆ ಎಂಬ ಯೋಚನೆ ಈಗಲೂ ಒಮ್ಮೊಮ್ಮೆ ರಾತ್ರಿ ಕಾಡುತ್ತದೆ.

ಹಿಂದಿನ ಗಾಜಿನ ವಿಷಯದಲ್ಲಿ ಮಾತ್ರ ಪಾರಾದೆ. ಅದೇ ಮಾರಾಟಗಾರ ಗಾಜಿನ ಸುತ್ತ ಕೂರಿಸುವ ತಗಡಿನ ಚೌಕಟ್ಟನ್ನೂ ಕೊಡಲು ಮುಂದಾಗಿದ್ದ. ಚಾರ್ಜರ್‌ನ ಹಿಂದಿನ ಗಾಜು ಚಾವಣಿಯ ಎರಡು ಕಂಬಗಳ ನಡುವೆ ಒಳಸರಿದು ಗುಹೆಯಂತಿರುತ್ತದೆ, ಆ ಗುಹೆಯನ್ನು ಮುಚ್ಚಿ ಗಾಜನ್ನು ಚಾವಣಿಯ ಮಟ್ಟಕ್ಕೆ ತರಲು ಡೇಟೋನಾದಲ್ಲಿ ದೊಡ್ಡ ಚೌಕಟ್ಟು ಬೇಕಾಯಿತು, ಡಿಕ್ಕಿಯ ಮುಚ್ಚಳವನ್ನೂ ಗಿಡ್ಡಗೊಳಿಸಬೇಕಾಯಿತು. ರೋಡ್‌ರನ್ನರ್‌ನಲ್ಲಿ ಅಂಥ ಗುಹೆಯೇ ಇಲ್ಲ. ಸೂಪರ್‌ಬರ್ಡ್‌ನ ಚೌಕಟ್ಟು ಬೇರೆ ಆಕಾರದ್ದು, ಅದರ ಬೆಸುಗೆಯ ಗುರುತುಗಳನ್ನು ಮುಚ್ಚಲೆಂದೇ ಆ ಕಾರುಗಳಿಗೆಲ್ಲ ವಿನೈಲ್ ಹೊದಿಕೆಯ ಚಾವಣಿ ಬಂದದ್ದು. ಅಂದಕ್ಕಾಗಿ ಹಾಕಿದ್ದಾರೆಂದು ನಾನು ವರ್ಷಗಟ್ಟಲೆ ನಂಬಿದ್ದೆ.

ಹಾಗೆಂದು ಯಾವುದೂ ಅದಲುಬದಲಾಗುವುದಿಲ್ಲ ಎಂದಲ್ಲ. 440 ಘನ ಇಂಚಿನ ಎಂಜಿನ್, ಟಾರ್ಕ್‌ಫ್ಲೈಟ್ ಗೇರ್‌ಬಾಕ್ಸ್, ಮುಂದಿನ ಟಾರ್ಷನ್ ಬಾರ್ ಸಸ್ಪೆನ್ಷನ್, ಇಂಥವನ್ನು ಬಿ-ಬಾಡಿ ಕುಟುಂಬದೊಳಗೆ ಧಾರಾಳವಾಗಿ ಹುಡುಕಬಹುದು. ನನ್ನ ಕಾರಿನ ಬ್ರೇಕಿನ ಭಾಗಗಳು ಕೊರೊನೆಟ್ ಒಂದರಿಂದ ಬಂದವು, ತಕರಾರಿಲ್ಲದೆ ಕೂತವು. ಆದರೂ ಚಾರ್ಜರ್ ಮತ್ತು ಕೊರೊನೆಟ್‌ಗಳ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ 117 ಇಂಚು, ರೋಡ್‌ರನ್ನರ್‌ನದು 116 ಇಂಚು ಎಂಬುದನ್ನು ನೆನಪಿಡಬೇಕು. ಒಂದು ಇಂಚು ಏನು ಮಹಾ ಎನ್ನುವವರು ಹಿಂದಿನ ಚಕ್ರದ ಮೇಲಿನ ತಗಡನ್ನು ಕೊಂಡು ನೋಡಲಿ.

ಫೋರ್ಡ್ ಬಳಗದಲ್ಲೂ ಇದೇ ಬಲೆಯಿದೆ. 1969ರ ಟೊರಿನೊ ಟ್ಯಾಲಡೀಗಾ ಮತ್ತು ಮರ್ಕ್ಯುರಿ ಸೈಕ್ಲೋನ್ ಸ್ಪಾಯ್ಲರ್ II ಕಾರುಗಳ ಉದ್ದಗೊಳಿಸಿದ ಮೂಗುಗಳು ಒಂದರಂತೊಂದು ಕಂಡರೂ ಅವೂ ಬೇರೆ ಬೇರೆಯೇ. ಟ್ಯಾಲಡೀಗಾದ ಮುಂದಿನ ಬಂಪರಂತೂ ಫೋರ್ಡ್‌ನದೇ ಫೇರ್‌ಲೇನ್ ಕಾರಿನ ಹಿಂದಿನ ಬಂಪರನ್ನು ಕತ್ತರಿಸಿ ಬೆಸೆದು ಮಾಡಿದ್ದು. ನನ್ನ ಸಹೋದ್ಯೋಗಿಯೊಬ್ಬರು ಇಡಿಯ ಫೇರ್‌ಲೇನ್ ಬಂಪರನ್ನು ಹಾಗೇ ಬಿಗಿಯಲು ಹೋಗಿ ಸೋತಿದ್ದಾರೆ.

ಇನ್ನು ಮುಂದೆ ನಾನು ಮಾರುವವರನ್ನು ಕೇಳುವ ಮೊದಲ ಪ್ರಶ್ನೆ, ಈ ಭಾಗ ಯಾವ ಕಾರಿನ ಮಡ್‌ಗಾರ್ಡಿನ ಮೇಲೆ ಕೂತ ಚಿತ್ರ ನಿಮ್ಮಲ್ಲಿದೆ ಎಂಬುದು. ಬೋಲ್ಟು ಬಿಗಿದ ಸ್ಥಿತಿಯ ಚಿತ್ರವಿಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಬೇಕು. ಅಸಲಿ ಕಾರಿನಿಂದ ಬಿಚ್ಚಿದ ಭಾಗವೆಂದು ಯಾರಾದರೂ ಕಾರಿನ ಗುರುತಿನ ಸಂಖ್ಯೆ ತೋರಿಸಿದರೂ ಹಿಗ್ಗಬೇಕಾಗಿಲ್ಲ: ಸೂಪರ್‌ಬರ್ಡ್‌ನ ಸಂಖ್ಯೆ ಆರ್‌ಎಂ23 ಎಂದು ಆರಂಭವಾಗುತ್ತದೆ ನಿಜ, ಆದರೆ ನನ್ನ ರೋಡ್‌ರನ್ನರ್‌ನದೂ ಹಾಗೆಯೇ ಆರಂಭವಾಗುತ್ತದೆ; ಡೇಟೋನಾದ ಎಕ್ಸ್‌ಎಕ್ಸ್29 ಎಂಬುದು ರೆಕ್ಕೆಯಿಲ್ಲದ ಚಾರ್ಜರ್ 500ಕ್ಕೂ ಉಂಟು.

ಚಿಕ್ಕಂದಿನಲ್ಲಿ ಅಪ್ಪನ ಜೊತೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಅಂಬಾಸಿಡರ್‌ನ ಸಾಮಾನು ತರಲು ಹೋಗುತ್ತಿದ್ದಾಗ, ಅವರು ಬಿಚ್ಚಿದ ಹಳೆಯ ಭಾಗವನ್ನು ಚೀಲದಲ್ಲಿ ಹಾಕಿಕೊಳ್ಳದೆ ಮನೆಯಿಂದ ಹೊರಡುತ್ತಿರಲಿಲ್ಲ. ಹೋದ ತಿಂಗಳು ನನ್ನ ಮೂಗನ್ನು ಕೊಳ್ಳಲು ಬಂದ, ಚಾರ್ಜರ್ ಕಟ್ಟುತ್ತಿರುವ ಯುವಕನೊಬ್ಬ ತನ್ನ ಪಿಕಪ್ಪಿನಲ್ಲಿ ಮಡ್‌ಗಾರ್ಡನ್ನೇ ಹೇರಿಕೊಂಡು ಬಂದಿದ್ದ. ಗ್ಯಾರೇಜಿನ ನೆಲದ ಮೇಲೆ ಎರಡನ್ನೂ ಮಲಗಿಸಿ, ಅಂಚಿಗೆ ಅಂಚು ಸೇರಿಸಿ, ಬೆರಳಾಡಿಸಿ ನೋಡಿದ ಮೇಲೆಯೇ ಹಣ ಎಣಿಸಿದ. ಅರ್ಧ ಬೆಲೆಗೆ ಕೊಟ್ಟೆ. ರೆಕ್ಕೆಯನ್ನು ಆತ ಕೇಳಲಿಲ್ಲ. ಅದು ಗೋಡೆಗೆ ಒರಗಿಕೊಂಡಿದೆ, ಕಾರಿನ ಎಡಬದಿಯ ತಗಡಿನಲ್ಲಿ ನಾನು ಬೆಸೆದು ಮುಚ್ಚಿದ ತೂತುಗಳು ಬಣ್ಣದಡಿಯಿಂದ ಇನ್ನೂ ಕಾಣುತ್ತವೆ.